ಮಗುವಿನ ಉಸಿರು ಟ್ರಾಫಿಕ್‌ಗೆ ಕಾಯದು

ಮಾನ್ಯ ಸಂಪಾದಕರೇ,

ಅವಧಿಗೆ ಮುನ್ನ ಹುಟ್ಟಿ ಉಸಿರಾಟಕ್ಕೆ ಒದ್ದಾಡುವ ಶಿಶುಗಳಿಗೆ ನೆರವಾಗುವ ಸಿಪ್ಯಾಪ್ ಸಾಧನ ಮುಂಬಯಿ ಹೊರವಲಯದ ಹೆರಿಗೆ ಆಸ್ಪತ್ರೆಗಳಲ್ಲೂ ಇರಲೇಬೇಕು. ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮಗಳಿಗೆ 31ನೇ ವಾರಕ್ಕೇ ಹೆರಿಗೆಯಾಯಿತು. ಕೂಸು ನರಳುತ್ತಿತ್ತು, ಉಸಿರೆಳೆದಾಗಲೆಲ್ಲ ಎದೆಗೂಡು ಒಳಸೇದುತ್ತಿತ್ತು. ಡೊಂಬಿವಲಿಯ ಆ ಆಸ್ಪತ್ರೆಯಲ್ಲಿ ಇದ್ದದ್ದು ಆಮ್ಲಜನಕದ ಸಿಲಿಂಡರ್ ಮಾತ್ರ. ನಗರದ ದೊಡ್ಡ ಆಸ್ಪತ್ರೆ ತಲುಪಲು ಎರಡು ತಾಸು ಹಿಡಿಯಿತು. ಮಗು ಉಳಿಯಿತು, ದೇವರ ದಯೆ ಎನ್ನಬೇಕು.

ಇಂಥ ಶಿಶುಗಳ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್, ಅಂದರೆ ಗಾಳಿಚೀಲಗಳು ಮುದುಡದಂತೆ ತಡೆಯುವ ದ್ರವ, ಸಾಲದು. ಹಾಗಾಗಿ ಉಸಿರು ಬಿಟ್ಟಾಗ ಅವು ಮುದುಡಿಕೊಳ್ಳುತ್ತವೆ. ಬರೀ ಆಮ್ಲಜನಕ ಅವನ್ನು ಅರಳಿಸಿಡಲಾರದು. ಲೆಕ್ಕವಿಲ್ಲದೆ ಕೊಟ್ಟರೆ ಕಣ್ಣಿಗೂ ಅಪಾಯ. ಸತತ ಒತ್ತಡದ ಗಾಳಿ ಕೊಟ್ಟು ಗಾಳಿಚೀಲಗಳನ್ನು ಅರಳಿಸಿಡುವ ಸಿಪ್ಯಾಪ್ ಹೊಸದೇನಲ್ಲ, 1971ರಲ್ಲೇ ಶಿಶುಗಳಲ್ಲಿ ಅದರ ಉಪಯೋಗ ವರದಿಯಾಗಿತ್ತು; ಈಗ ಸಾಮಾನ್ಯವಾಗಿ ಮೂಗಿನ ಮೂಲಕ ಕೊಡುತ್ತಾರೆ. ಬಬಲ್ ಸಿಪ್ಯಾಪ್ ಅಂತೂ ವೆಂಟಿಲೇಟರ್‌ಗಿಂತ ಎಷ್ಟೋ ಅಗ್ಗ: ಗಾಳಿ ಹೊರಹೋಗುವ ಕೊಳವೆಯ ತುದಿಯನ್ನು ನೀರಿನಲ್ಲಿ 5 ಸೆಂ.ಮೀ. ಮುಳುಗಿಸಿದರೆ ಸುಮಾರು 5 ಸೆಂ.ಮೀ. ನೀರಿನಷ್ಟು ಒತ್ತಡ ಸಿಗುತ್ತದೆ. ಯಂತ್ರಕ್ಕಿಂತ ದುರ್ಲಭವಾದದ್ದು ಅದನ್ನು ಹಗಲುರಾತ್ರಿ ಗಮನಿಸಬಲ್ಲ ದಾದಿಯರು.

ಠಾಣೆ, ಕಲ್ಯಾಣ್ ಭಾಗದ ಪಾಲಿಕೆಗಳು ತಮ್ಮ ಹೆರಿಗೆ ವಾರ್ಡುಗಳಿಗೂ ನವಜಾತ ಶಿಶು ಆಂಬುಲೆನ್ಸ್‌ಗಳಿಗೂ ಬಬಲ್ ಸಿಪ್ಯಾಪ್ ಒದಗಿಸಿ, ಮೊದಲು ದಾದಿಯರಿಗೆ ತರಬೇತಿ ಕೊಡಿಸಲಿ. ಅಕಾಲ ಹೆರಿಗೆಯ ಸೂಚನೆ ಕಂಡ ತಾಯಂದಿರಿಗೆ, ಮಗುವಿನ ಶ್ವಾಸಕೋಶ ಬಲಿಯಲು ನೆರವಾಗುವ ಸ್ಟಿರಾಯ್ಡ್ ಚುಚ್ಚುಮದ್ದು ತಪ್ಪದೆ ಸಿಗುವಂತೆಯೂ ನೋಡಿಕೊಳ್ಳಲಿ.

– ಓರ್ವ ಓದುಗ, ಡೊಂಬಿವಲಿ ಪೂರ್ವ