ಸಾತೋಶಿ ಕೋನ್ ಮಕ್ಕಳ ಪುಟದವರಲ್ಲ

ಮಾನ್ಯ ಸಂಪಾದಕರೇ,

2025ರ ಆಗಸ್ಟ್ 24ಕ್ಕೆ ಜಪಾನಿನ ಆನಿಮೇಷನ್ ನಿರ್ದೇಶಕ ಸಾತೋಶಿ ಕೋನ್ ತೀರಿಕೊಂಡು 15 ವರ್ಷವಾಯಿತು. ಎರಡು ಸಾಲಾದರೂ ಇದ್ದೀತು ಅಂತ ನಿಮ್ಮ ಸಿನಿಮಾ ಪುಟ ತಿರುವಿದೆ. ಇರಲಿಲ್ಲ. ಹೋಗಲಿ ಬಿಡಿ, ನಮ್ಮಲ್ಲಿ ಅವರ ಹೆಸರು ಕೇಳಿದವರೇ ಕಡಿಮೆ. ಆದರೆ ಮುಂದಿನ ವಾರ ಮಕ್ಕಳ ಪುಟದಲ್ಲಿ ಜಪಾನಿನ ಕಾರ್ಟೂನ್‌ಗಳ ಬಗ್ಗೆ ಒಂದು ಬರಹ ಬಂತು. ಮಕ್ಕಳಿಗೆ ತೋರಿಸಬಹುದಾದ ಸಿನಿಮಾಗಳ ಸಾಲಿನಲ್ಲಿ ಕೋನ್ ಅವರ ‘ಪರ್ಫೆಕ್ಟ್ ಬ್ಲೂ’ ಕೂಡ ಇತ್ತು! ಬರೆದವರು ಅದನ್ನು ನೋಡಿಲ್ಲ ಅನ್ನೋದು ಖಂಡಿತ. ನೋಡಿದ್ದರೆ ತಮ್ಮ ಮಗುವನ್ನು ಆ ಕೋಣೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

1997ರ ಸಿನಿಮಾ ಅದು. ಮಿಮಾ ಎಂಬ ಪಾಪ್ ಗಾಯಕಿ ಹಾಡೋದು ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಒಂದು ದಿನ ಇಂಟರ್ನೆಟ್‌ನಲ್ಲಿ ಅವಳ ಹೆಸರಿನದೇ ಒಂದು ದಿನಚರಿ ಕಣ್ಣಿಗೆ ಬೀಳುತ್ತದೆ. ಬರೆದಿದ್ದು ಅವಳಲ್ಲ. ರೈಲಿನಿಂದ ಇಳಿಯುವಾಗ ಬಲಗಾಲು ಮೊದಲಿಡುತ್ತೇನೆ ಅನ್ನೋದೂ ಅದರಲ್ಲಿದೆ. ಮೊದಮೊದಲು ಮಿಮಾ ಓದಿ ನಗುತ್ತಾಳೆ, ಆಮೇಲೆ ಅವಳ ನಗು ನಿಲ್ಲುತ್ತದೆ. ನಮ್ಮ ಊರುಗಳಲ್ಲಿ ಇಂಟರ್ನೆಟ್ ಅಂದರೇನು ಅಂತ ಕೇಳುತ್ತಿದ್ದ ಕಾಲದಲ್ಲಿ ಈ ಮನುಷ್ಯ ಇದನ್ನು ಯೋಚಿಸಿದ್ದರು. ಇವತ್ತು ಫೋನ್ ತೆರೆದಾಗಲೆಲ್ಲ ನನಗೆ ಆ ಬಲಗಾಲು ನೆನಪಾಗುತ್ತದೆ.

ಕೋನ್ ಮುಗಿಸಿದ್ದು ನಾಲ್ಕೇ ಸಿನಿಮಾ. ‘ಪರ್ಫೆಕ್ಟ್ ಬ್ಲೂ’ ಆದ ಮೇಲೆ ‘ಮಿಲೆನಿಯಂ ಆಕ್ಟ್ರೆಸ್’, ‘ಟೋಕಿಯೋ ಗಾಡ್‌ಫಾದರ್ಸ್’, ‘ಪ್ಯಾಪ್ರಿಕಾ’. ನಡುವೆ 13 ಕಂತುಗಳ ಒಂದು ಟಿವಿ ಸರಣಿ, ‘ಪ್ಯಾರನಾಯ ಏಜೆಂಟ್’. ‘ಮಿಲೆನಿಯಂ ಆಕ್ಟ್ರೆಸ್’ನಲ್ಲಿ ನಾಯಕಿ ಚಿಯೋಕೋ ಸಿನಿಮಾ ಪೂರ್ತಿ ಓಡುತ್ತಲೇ ಇರುತ್ತಾಳೆ. ಅದರ ಕಥೆ ಹೇಳಿದರೆ ಏನೂ ಹೇಳಿದಂತಾಗದು. ಒಂದು ಕಾಲದಲ್ಲಿ ಶುರುವಾದ ಓಟ ಇನ್ನೊಂದು ಕಾಲದಲ್ಲಿ ಮುಂದುವರಿಯುತ್ತದೆ. ಯಾವುದು ಅವಳ ಬದುಕು, ಯಾವುದು ಅವಳು ನಟಿಸಿದ ಸಿನಿಮಾ ಅಂತ ಬಿಡಿಸಿ ನೋಡುವಷ್ಟರಲ್ಲಿ ಅವಳು ಮುಂದೆ ಹೋಗಿರುತ್ತಾಳೆ. ಕ್ಯಾಮೆರಾ ಹಿಡಿದು ಇದನ್ನು ತೆಗೆಯೋಕಾಗಲ್ಲ. ಚಿತ್ರ ಬರೆದೇ ಮಾಡಬೇಕು.

‘ಟೋಕಿಯೋ ಗಾಡ್‌ಫಾದರ್ಸ್’ ಅನ್ನು ನಾನು ಅಮ್ಮನ ಜೊತೆ ನೋಡಿದೆ. ಡಿಸೆಂಬರ್ ಕೊನೆ, ಅವರೆಕಾಯಿ ಕಾಲ. ಅಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ನಾನು ಲ್ಯಾಪ್‌ಟಾಪ್ ಎದುರಿಗಿಟ್ಟು ಸಬ್‌ಟೈಟಲ್ ಓದಿ ಓದಿ ಹೇಳುತ್ತಿದ್ದೆ. ಕ್ರಿಸ್‌ಮಸ್ ರಾತ್ರಿ ಬೀದಿಯಲ್ಲಿ ಬದುಕುವ ಮೂವರಿಗೆ ಕಸದ ರಾಶಿಯಲ್ಲಿ ಒಂದು ಕೂಸು ಸಿಗುತ್ತದೆ. ಕುಡುಕ ಗಿನ್, ಮನೆಬಿಟ್ಟು ಬಂದ ಹುಡುಗಿ ಮಿಯುಕಿ, ಮತ್ತೆ ಹಾನಾ. ಹಾನಾ ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವವಳು. ಇದನ್ನು ಅಮ್ಮನಿಗೆ ಹೇಗಪ್ಪಾ ವಿವರಿಸೋದು ಅಂತ ನಾನು ತಡವರಿಸುತ್ತಿದ್ದೆ. ಅಮ್ಮ ತಲೆ ಎತ್ತದೆ, ‘ಪಾಪ, ಮಗು ಅಂದ್ರೆ ಎಷ್ಟು ಆಸೆ ನೋಡು ಅವಳಿಗೆ’ ಅಂದರು. ಅಷ್ಟೇ. ಕೊನೆಗೆ ಕೂಸು ಮೇಲಿಂದ ಬೀಳುವಾಗ ಹಾನಾ ಹಿಂದೆಯೇ ಹಾರುತ್ತಾಳಲ್ಲ, ಅಲ್ಲಿ ಅಮ್ಮನ ಕೈ ನಿಂತುಹೋಯಿತು. ಅರ್ಧ ಬಿಡಿಸಿದ ಕಾಯಿ ಬೆರಳಲ್ಲೇ ಇತ್ತು. ‘ಗೊಂಬೆ ಸಿನಿಮಾ ಅಂದ್ಯಲ್ಲೋ’ ಅಂತ ಆಮೇಲೆ ನನ್ನನ್ನೇ ಬೈದರು.

ಕೋನ್ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆ, ಅದು ಕೈಮೀರಿದೆ ಅಂತ ಗೊತ್ತಾಗಿದ್ದು 2010ರ ಮೇ ತಿಂಗಳಲ್ಲಿ. ಹೆಚ್ಚೆಂದರೆ ಆರು ತಿಂಗಳು ಅಂದರು ವೈದ್ಯರು. ಕೋನ್ ಸುದ್ದಿಯನ್ನು ಹೊರಗೆ ಬಿಡಲಿಲ್ಲ. ಮನೆಯಲ್ಲೇ ಸಾಯಬೇಕು ಅಂತ ಮನೆಗೆ ಬಂದರು. ಮೂರೇ ತಿಂಗಳಿಗೆ ಹೋಗಿಬಿಟ್ಟರು. ವಯಸ್ಸು 46. ಹುಟ್ಟುಹಬ್ಬಕ್ಕೆ ಇನ್ನು ಏಳು ವಾರವಿತ್ತು.

ಸಾಯುವ ಮುಂಚೆ ಅವರು ಬರೆದಿಟ್ಟ ಪತ್ರವನ್ನು ಮನೆಯವರು ಮಾರನೇ ದಿನ ಪ್ರಕಟಿಸಿದರು. ನಾನದನ್ನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಅಳುಮುಂಜಿ ಪತ್ರ ಅಲ್ಲ ಅದು, ಅಲ್ಲಲ್ಲಿ ತಮಾಷೆಯೂ ಇದೆ. ಆದರೆ ಒಂದು ಕಡೆ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಸುದ್ದಿ ತಿಳಿದು ತಂದೆತಾಯಿ ಓಡಿಬರುತ್ತಾರೆ. ಮಗನನ್ನು ನೋಡಿದ್ದೇ ತಾಯಿ ಹೇಳಿದ ಮೊದಲ ಮಾತು, ನಿನ್ನನ್ನು ಗಟ್ಟಿಮುಟ್ಟಾಗಿ ಹೆರಲಿಲ್ಲವಲ್ಲ, ಕ್ಷಮಿಸು ಅಂತ. ಅದಕ್ಕೆ ತಮ್ಮ ಬಾಯಿಂದ ಮಾತೇ ಹೊರಡಲಿಲ್ಲ ಅಂತ ಕೋನ್ ಬರೆದಿದ್ದಾರೆ. ಇದನ್ನು ಅಮ್ಮನಿಗೆ ಮಾತ್ರ ನಾನು ಓದಿ ಹೇಳಿಲ್ಲ.

ಪತ್ರದ ಕೊನೆಯ ಮಾತು ‘ಜಾ, ಓಸಾಕಿ ನಿ’. ಆಫೀಸಿನಲ್ಲಿ ಉಳಿದವರಿಗಿಂತ ಮುಂಚೆ ಮನೆಗೆ ಹೊರಡುವಾಗ ಜಪಾನಿನವರು ಹೇಳುವ ಮಾಮೂಲಿ ಮಾತು. ‘ಸರಿ, ನಾನು ಮೊದಲು ಹೊರಟೆ’ ಅಂದಂತೆ. ನಾವಾದರೆ ‘ಬರ್ತೀನಿ’ ಅನ್ನುತ್ತಿದ್ದೆವು. ಅವರ ಆ ಮಾತಿನಲ್ಲಿ ವಾಪಸ್ ಬರುವ ಸುಳಿವಿಲ್ಲ.

ಆಗ ಅವರ ಐದನೇ ಸಿನಿಮಾ ‘ಡ್ರೀಮಿಂಗ್ ಮಷೀನ್’ ಅರ್ಧದಲ್ಲಿತ್ತು. ಪತ್ರದಲ್ಲಿ ಅವರಿಗಿದ್ದ ದೊಡ್ಡ ಕೊರಗೇ ಅದು. ನಿರ್ಮಾಪಕ ಮಸಾವೊ ಮರುಯಾಮಾ ನೋಡಲು ಬಂದಾಗ, ಏನಾದರೂ ಮಾಡೋಣ, ಚಿಂತೆ ಬೇಡ ಅಂದರಂತೆ. ಕೋನ್ ಬಿಕ್ಕಿ ಬಿಕ್ಕಿ ಅತ್ತರಂತೆ. ಸುಮಾರು 1500 ಶಾಟ್‌ಗಳಲ್ಲಿ 600ರಷ್ಟು ತಯಾರಾಗಿದ್ದವು. ಆನಿಮೇಷನ್ ಅಂದರೆ ನೂರಾರು ಜನ ಸೇರಿ ಮಾಡುವ ಕೆಲಸ, ಮಿಕ್ಕಿದ್ದನ್ನು ಬೇರೆ ಯಾರಾದರೂ ಮುಗಿಸಬಹುದಿತ್ತು ಅಲ್ವಾ? ಮರುಯಾಮಾ ವರ್ಷಗಟ್ಟಲೆ ನಿರ್ದೇಶಕರನ್ನು ಹುಡುಕಿದರು. ಕೊನೆಗೆ ಕೈಬಿಟ್ಟರು. ಬೇರೆ ಎಂಥ ದೊಡ್ಡ ನಿರ್ದೇಶಕ ಮುಗಿಸಿದರೂ ಅದು ಆ ನಿರ್ದೇಶಕರ ಸಿನಿಮಾ ಆಗುತ್ತದೆ, ಕೋನ್ ಸಿನಿಮಾ ಆಗಲ್ಲ ಅನ್ನೋದು ಮರುಯಾಮಾ ಅವರ ಮಾತು. ಮೊದಲು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಹೇಗೋ ಒಂದು, ಮುಗಿಸಬಾರದಾ ಅನ್ನಿಸಿತ್ತು. ಈಗ ಸಿಟ್ಟಿಲ್ಲ. ಆಸೆ ಇನ್ನೂ ಇದೆ.

‘ಪ್ಯಾಪ್ರಿಕಾ’ದ ಕೊನೆಗೆ, ಸಿನಿಮಾ ಅಂದರೆ ಮುಖ ತಿರುಗಿಸುತ್ತಿದ್ದ ಪೊಲೀಸ್ ಅಧಿಕಾರಿ ಥಿಯೇಟರಿಗೆ ಬರುತ್ತಾನೆ. ಗೋಡೆಯ ಮೇಲೆ ಕೋನ್ ಅವರ ಹಿಂದಿನ ಸಿನಿಮಾಗಳ ಪೋಸ್ಟರ್‌ಗಳಿವೆ. ಟಿಕೆಟ್ ಕೌಂಟರಿನಲ್ಲಿ ಅವನು ಕೇಳೋದು, ‘ದೊಡ್ಡವರದ್ದು, ಒಂದು’. ಕೋನ್ ಮುಗಿಸಿದ ಕೊನೆಯ ಸಿನಿಮಾದ ಕೊನೆಯ ಮಾತು ಅದು. ಮಕ್ಕಳ ಪುಟದವರಿಗೆ ಇದೊಂದನ್ನು ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ. ಆ ‘ಡ್ರೀಮಿಂಗ್ ಮಷೀನ್’ನಲ್ಲಿ ಮನುಷ್ಯರೇ ಇರಲಿಲ್ಲ, ಬರೀ ರೋಬೋಟ್‌ಗಳು. ಈ ಸಲ ಚಿಕ್ಕವರೂ ನೋಡುವಂಥದ್ದು ಮಾಡಬೇಕು ಅಂತ ಕೋನ್ ಹೊರಟಿದ್ದರು. ಅದೊಂದು ಬಂದು, ನೀವು ಅದನ್ನು ಮಕ್ಕಳ ಪುಟದಲ್ಲಿ ಹಾಕಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗ
ಹಾಸನ