ಮಗಳಿಗೊಂದು ಪತ್ರ: ಜೋಡಿ ಗ್ಯಾಲಕ್ಸಿಗಳ ಬೆಳಕು

ಪ್ರೀತಿಯ ಮಗಳೇ,

ಎಂ51 ಎಂಬ ಸುಳಿ ಗ್ಯಾಲಕ್ಸಿಯ ಚಿತ್ರ ನೋಡಿ ನೀನು ಕೇಳಿದ ಪ್ರಶ್ನೆ ಎರಡು ದಿನದಿಂದ ನನ್ನ ಮನಸ್ಸಿನಲ್ಲೇ ಇದೆ. ದೊಡ್ಡದರ ತೋಳುಗಳು ನೀಲಿಯಾಗಿ, ಗುಲಾಬಿ ಚುಕ್ಕೆಗಳಿಂದ ತುಂಬಿರುವಾಗ, ತೋಳಿನ ತುದಿಗೆ ಅಂಟಿಕೊಂಡಂತಿರುವ ಚಿಕ್ಕ ಜೊತೆಗಾತಿ ಮಾತ್ರ ಏಕೆ ಹಳದಿ ಎಂದು ನೀನು ಬರೆದಿದ್ದೆ.

ಮೊದಲು ಆಕಾರದ ಮಾತು. ಈ ಸುರುಳಿಯನ್ನು 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ತಮ್ಮ 72 ಅಂಗುಲದ ದೂರದರ್ಶಕದಲ್ಲಿ ಕಂಡು ಚಿತ್ರಿಸಿದರು. ಒಂದು ಗ್ಯಾಲಕ್ಸಿ ಇನ್ನೊಂದರ ಬಳಿ ಹಾದುಹೋಗುವಾಗ ಹತ್ತಿರದ ಅಂಚನ್ನು ಹೆಚ್ಚಾಗಿಯೂ ದೂರದ ಅಂಚನ್ನು ಕಡಿಮೆಯಾಗಿಯೂ ಸೆಳೆಯುವುದರಿಂದ, ಚಂದ್ರನ ಸೆಳೆತಕ್ಕೆ ಕಡಲು ಎರಡೂ ಬದಿಯಲ್ಲಿ ಉಬ್ಬುವ ಹಾಗೆ, ಒಂದೆಡೆ ಸೇತುವೆಯೂ ಇನ್ನೊಂದೆಡೆ ಬಾಲವೂ ಮೂಡುತ್ತವೆ ಎಂಬುದನ್ನು 1972ರಲ್ಲಿ ಟೂಮ್ರೆ ಸಹೋದರರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಗ್ಯಾಲಕ್ಸಿಯ ತಟ್ಟೆ ತಿರುಗುವ ದಿಕ್ಕಿನಲ್ಲೇ ಜೊತೆಗಾತಿಯೂ ಸಾಗಿದರೆ, ಲಯ ನೋಡಿ ಜೀಕಿದ ಜೋಕಾಲಿಯಂತೆ, ಬಾಲ ಬಹಳ ಉದ್ದಕ್ಕೆ ಚಾಚುತ್ತದೆ.

ನನಗೆ ಅದಕ್ಕಿಂತಲೂ ಪ್ರಿಯವಾದದ್ದು 1941ರಲ್ಲಿ ಸ್ವೀಡನ್ನಿನ ಎರಿಕ್ ಹೋಮ್‌ಬರ್ಗ್ ಪ್ರಕಟಿಸಿದ ಪ್ರಯೋಗ. ಕಂಪ್ಯೂಟರುಗಳಿಲ್ಲದ ಆ ಕಾಲದಲ್ಲಿ ಅವರು ಒಂದೊಂದು ಗ್ಯಾಲಕ್ಸಿಗೆ 37ರಂತೆ 74 ವಿದ್ಯುದ್ದೀಪಗಳನ್ನು ಜೋಡಿಸಿದರು. ದೂರ ಇಮ್ಮಡಿಯಾದರೆ ಗುರುತ್ವವೂ ಬೆಳಕೂ ಕಾಲುಭಾಗಕ್ಕೆ ಇಳಿಯುತ್ತವೆಯಾದ್ದರಿಂದ, ಪ್ರತಿ ದೀಪದ ಜಾಗದಲ್ಲಿ ಬೀಳುವ ಬೆಳಕನ್ನು ಅಳೆದು, ಅದನ್ನೇ ಸೆಳೆತವೆಂದು ಎಣಿಸಿ, ದೀಪಗಳನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತ ಹೋದರು. ತೋಳುಗಳು ಮೂಡಿದವು! ಅವರ ಕೋಣೆಯಲ್ಲಿ ಬೆಳಕು ಗುರುತ್ವದ ಪಾತ್ರ ವಹಿಸಿತ್ತು. ಆಕಾಶದಲ್ಲಿ ಗುರುತ್ವವೇ ಬೆಳಕಾಗಿ ಮಾರ್ಪಡುತ್ತದೆ, ನಿನ್ನ ಪ್ರಶ್ನೆಗೆ ಉತ್ತರವಿರುವುದು ಅಲ್ಲಿ.

ಗ್ಯಾಲಕ್ಸಿಗಳು ಒಂದರೊಳಗೊಂದು ಹಾದರೂ ನಕ್ಷತ್ರಗಳು ಡಿಕ್ಕಿಯಾಗುವುದು ಇಲ್ಲವೆನ್ನುವಷ್ಟು ಅಪರೂಪ. ಸೂರ್ಯನನ್ನು ಸಾಸಿವೆ ಕಾಳಿನಷ್ಟು ಮಾಡಿದರೆ ಅತಿ ಹತ್ತಿರದ ನಕ್ಷತ್ರವೂ ಸುಮಾರು 40 ಕಿಲೋಮೀಟರ್ ಆಚೆ ಇರುತ್ತದೆ. ಡಿಕ್ಕಿಯಾಗುವುದು ಅನಿಲದ ಮೋಡಗಳು. ಅವು ಒತ್ತೊತ್ತಾಗಿ ಕುಸಿದಲ್ಲೆಲ್ಲ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಅವುಗಳಲ್ಲಿ ಭಾರಿಯಾದವು ನೀಲಿಯಾಗಿ ಉರಿದು, ಸುತ್ತಲಿನ ಹೈಡ್ರೋಜನ್ನನ್ನು ಗುಲಾಬಿಯಾಗಿ ಬೆಳಗಿಸಿ, ಕೆಲವೇ ಕೋಟಿ ವರ್ಷಗಳಲ್ಲಿ ಮುಗಿದುಹೋಗುತ್ತವೆ. ಆದ್ದರಿಂದ ನೀಲಿ ಕಂಡಲ್ಲಿ ಹುಟ್ಟು ತೀರಾ ಇತ್ತೀಚಿನದು. ಜೊತೆಗಾತಿಯಲ್ಲಿ ನಕ್ಷತ್ರ ಹುಟ್ಟಿಸುವಷ್ಟು ಅನಿಲ ಹೆಚ್ಚು ಉಳಿದಿಲ್ಲ. ಅಲ್ಲಿರುವವು ಬಹುತೇಕ ಮುಪ್ಪಾದ ನಕ್ಷತ್ರಗಳು, ಅವುಗಳ ಬೆಳಕೇ ಆ ಹಳದಿ. ಸೆಳೆತ ಇಬ್ಬರಿಗೂ ತಟ್ಟಿತು, ಆದರೆ ಉರುವಲು ಒಬ್ಬಳ ಬಳಿ ಮಾತ್ರ ಇತ್ತು.

ಈಗ ಆಂಟೆನೆ ಎಂಬ ಇನ್ನೊಂದು ಜೋಡಿಯ ಎರಡು ಚಿತ್ರಗಳನ್ನು ಹುಡುಕಿ ಪಕ್ಕಪಕ್ಕ ಇಟ್ಟುಕೋ: ಒಂದು ಕಣ್ಣಿಗೆ ಕಾಣುವ ಬೆಳಕಿನದು, ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪಿನದು (ಇನ್‌ಫ್ರಾರೆಡ್). ಎರಡು ತಿರುಳುಗಳ ನಡುವೆ ಮೊದಲನೆಯದರಲ್ಲಿ ಕಂದು ಧೂಳು ಕವಿದಿರುತ್ತದೆ. ಆ ಧೂಳು ಎಳೆಯ ನಕ್ಷತ್ರಗಳ ಬೆಳಕನ್ನು ಹೀರಿ, ಬಿಸಿಯಾಗಿ, ಅವಕೆಂಪಿನಲ್ಲಿ ಹೊರಸೂಸುತ್ತದೆ. ಅದೇ ಜಾಗ ಎರಡನೆಯ ಚಿತ್ರದಲ್ಲಿ ಹೇಗಿದೆ ಎಂದು ನೋಡಿ ನನಗೆ ಬರೆ.

ನಿನ್ನ ಅಮ್ಮ