ಕಣ್ಣು ಬಿಡು, ಕಾಲು ನೋಡು

ಪ್ರೀತಿಯ ಗೆಳೆಯಾ,

ಭಾನುವಾರ ನೀನು ಕಳಿಸಿದ ಫೋಟೋ ಬಂತು. ಸೊರಬದ ಕಡೆಯ ಕೆರೆ, ಹಿಂದೆ ಅಡಿಕೆ ತೋಟದ ಮಸುಕು, ನೀರಿನಿಂದ ಮೀನು ಎತ್ತಿಕೊಂಡು ಏಳುತ್ತಿರುವ ಆಸ್ಪ್ರೇ ಎಂಬ ಮೀನುಬೇಟೆಯ ಹಕ್ಕಿ. ರೆಕ್ಕೆಯಿಂದ ಹನಿ ಉದುರುತ್ತಿದೆ. ಅದರ ಹಳದಿ ಕಣ್ಣಂತೂ ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಕೆಳಗೆ ನಿನ್ನ ಪ್ರಶ್ನೆ: "ಕಾಲಲ್ಲಿ ಏನೋ ಇದೆ ಮಾರಾಯಾ, ಯಾರಾದ್ರೂ ಸಾಕಿದ್ದಾ?"

ಸಾಕಿದ್ದಲ್ಲ. ಎಲ್ಲೋ ಯಾರೋ ಅದನ್ನು ಹಿಡಿದು, ಕಾಲಿಗೆ ನಂಬರ್ ಇರುವ ಉಂಗುರ ಹಾಕಿ, ಬಿಟ್ಟಿದ್ದಾರೆ. ವಾಟ್ಸಾಪಿನಲ್ಲಿ ಇಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ಈ ವಿಷಯದಲ್ಲಿ ನಾನು ಒಂದು ಪೆದ್ದು ಕೆಲಸ ಮಾಡಿಕೊಂಡಿದ್ದೇನೆ, ನೀನೂ ಅದನ್ನೇ ಮಾಡಬಾರದು ಅಂತ ಈ ಉದ್ದದ ಪತ್ರ. ಕ್ಯಾಮೆರಾ ಹೊತ್ತು ಕೆರೆ ಸುತ್ತುವ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಬೈಬೇಡ.

ನಿನಗೆ ಗೊತ್ತಲ್ಲ, ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡನ್ ಗೇಟ್ ಸೇತುವೆ ದಾಟಿದ ಕೂಡಲೇ ಒಂದು ಗುಡ್ಡ ಇದೆ, ಹಾಕ್ ಹಿಲ್ ಅಂತ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಹಡಗುಗಳನ್ನು ಹೊಡೆಯಲು ದೊಡ್ಡ ಫಿರಂಗಿ ಇಡಬೇಕೆಂದು ಅಗೆದ ಜಾಗ ಅದು. ಈಗ ಅದರ ನೆತ್ತಿಯ ಮೇಲೆ ಜನ ದುರ್ಬೀನು ಹಿಡಿದು ಗಿಡುಗ ಎಣಿಸುತ್ತಾರೆ. ಬೇಟೆಹಕ್ಕಿಗಳಿಗೆ ಅಗಲವಾದ ನೀರು ದಾಟುವುದೆಂದರೆ ಹಿಂಜರಿಕೆ. ನೀರಿನ ಮೇಲೆ ಬಿಸಿಗಾಳಿ ಏಳುವುದಿಲ್ಲ, ರೆಕ್ಕೆ ಬಡಿದೇ ಹೋಗಬೇಕು. ಹಾಗಾಗಿ ಶರತ್ಕಾಲದಲ್ಲಿ ತೆಂಕಣಕ್ಕೆ ಹೊರಟ ಹಕ್ಕಿಗಳೆಲ್ಲ ದಡ ಹಿಡಿದು ಬಂದು, ಕೊಲ್ಲಿಯ ಬಾಯಿ ಕಿರಿದಾಗಿರುವ ಈ ಗುಡ್ಡದ ಹತ್ತಿರ ಗುಂಪುಗೂಡುತ್ತವೆ. ನಾನು ಎರಡು ವಾರಕ್ಕೊಂದು ದಿನ ಅಲ್ಲಿಗೆ ಹೋಗುತ್ತೇನೆ. ಸಂಬಳವಿಲ್ಲ, ಮಂಜಿದ್ದರೆ ಹಕ್ಕಿಯೂ ಇಲ್ಲ. ಆಗಸ್ಟಿನಲ್ಲಂತೂ ಬೆಳಗಿನಿಂದ ಸಂಜೆವರೆಗೆ ಬರೀ ಮಂಜು ನೋಡಿ ಮನೆಗೆ ಬಂದದ್ದುಂಟು.

ಗುಡ್ಡದ ಮರೆಯಲ್ಲಿ ಹಲಗೆಯ ಪುಟ್ಟ ಗೂಡಿನೊಳಗೆ ಕೂತು ಹಕ್ಕಿ ಹಿಡಿಯುವ ತಂಡ ಬೇರೆ. ಅಲ್ಲಿ ಮೊದಲ ದಿನ ನನಗೆ ಆಶ್ಚರ್ಯವಾದದ್ದು ಬಲೆಗಳ ಹೆಸರು ಕೇಳಿ. ಒಂದು ತೆಳು ಬಲೆಗೆ 'ದೋ-ಗಜ' ಅಂತಾರೆ. ನಮ್ಮ ಎರಡು ಗಜವೇ! ಗಿಡುಗ ಹಿಡಿಯುವವರೆಲ್ಲ ಬಳಸುವ ಇನ್ನೊಂದು ಬಲೆ 'ಬಾಲ್-ಚತ್ರಿ'. ಬಾಲ್ ಅಂದರೆ ಕೂದಲು, ಚತ್ರಿ ಅಂದರೆ ಕೊಡೆ. ಪಂಜರದ ಮೇಲೆಲ್ಲ ಕುದುರೆ ಕೂದಲಿನ ಕುಣಿಕೆ ಕಟ್ಟಿ, ಒಳಗೆ ಇಲಿಯನ್ನೋ ಗುಬ್ಬಿಯನ್ನೋ ಬಿಡುವುದು. ಎರಗಿದ ಹಕ್ಕಿಯ ಬೆರಳು ಕುಣಿಕೆಗೆ ಸಿಗುತ್ತದೆ. ಈಗ ಕೂದಲಿನ ಬದಲು ಗಾಳದ ನೈಲಾನ್ ದಾರ, ಅಷ್ಟೇ ವ್ಯತ್ಯಾಸ. ನಮ್ಮ ದೇಶದ ಬೇಟೆಗಾರರ ಈ ಉಪಾಯವನ್ನು ವಿಸ್ಕಾನ್ಸಿನ್ನಿನ ಬರ್ಗರ್ ಮತ್ತು ಮ್ಯೂಲರ್ ಎಂಬಿಬ್ಬರು 1959ರಲ್ಲಿ ಅಮೆರಿಕದ ಹಕ್ಕಿ ಅಧ್ಯಯನದವರಿಗೆ ವಿವರಿಸಿ ಬರೆದರು. ಗಿಡುಗದ ಬೇಟೆ ನಮ್ಮಲ್ಲಿ ಅಷ್ಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಅದಕ್ಕೇ ಒಂದು ಭಾಗ ಇಟ್ಟಿದ್ದಾನೆ. ವಿಜಯನಗರ ಆಳಿದ ಸಾಳುವರ ಹೆಸರಿನಲ್ಲಿರುವ 'ಸಾಳುವ'ವೂ ಬೇಟೆಯ ಗಿಡುಗವೇ. ಶಾಲೆಯಲ್ಲಿ ಸಾಳುವ ನರಸಿಂಹನ ಇಸವಿ ಬಾಯಿಪಾಠ ಮಾಡಿಸಿದ ಮೇಷ್ಟರು ಇದೊಂದು ಮಾತು ಹೇಳಿದ್ದರೆ ನಾನು ಆ ಪಾಠ ಮರೆಯುತ್ತಿರಲಿಲ್ಲ.

ಹಿಡಿದ ಮೇಲೆ ಏನು ಮಾಡುತ್ತಾರೆ? ಮೊದಲು ಹಕ್ಕಿಯನ್ನು ಡಬ್ಬಿಗೆ ತುಂಬುತ್ತಾರೆ. ನಗಬೇಡ, ನಿಜ. ಸಣ್ಣ ಗಿಡುಗಕ್ಕೆ ಆಲೂ ಚಿಪ್ಸಿನ ಉದ್ದ ಡಬ್ಬಿ ಸರಿಯಾಗುತ್ತದೆ. ತಲೆ ಒಳಗೆ, ಕಾಲು ಹೊರಗೆ. ಕತ್ತಲಾದರೆ ಅದು ಸುಮ್ಮನಾಗುತ್ತದೆ, ರೆಕ್ಕೆಯೂ ಮುರಿಯುವುದಿಲ್ಲ. ಡಬ್ಬಿ ಸಮೇತ ತೂಕ, ಆಮೇಲೆ ರೆಕ್ಕೆಯ ಅಳತೆ, ಬಾಲದ ಅಳತೆ, ಕಣ್ಣಿನ ಬಣ್ಣ. ಕೊನೆಗೆ ಉಂಗುರ. ಬೇಟೆಹಕ್ಕಿಗಳಲ್ಲಿ ಹೆಣ್ಣು ದೊಡ್ಡದು, ಗಂಡು ಸಣ್ಣದು. ಅದಕ್ಕೇ ಕೆಲವು ಜಾತಿಗಳಲ್ಲಿ ಹೆಣ್ಣಿಗೆ ಒಂದು ಅಳತೆಯ ಉಂಗುರ, ಗಂಡಿಗೆ ಇನ್ನೊಂದು. ಗುಬ್ಬಿಯಂಥ ಹಕ್ಕಿಗೆ ಸುತ್ತಿ ಒತ್ತಿದರೆ ಸಾಕು. ಗಿಡುಗ ಹಾಗಲ್ಲ, ಕೊಕ್ಕಿನಿಂದ ಕಿತ್ತು ಬಿಸಾಡುತ್ತದೆ. ಹಾಗಾಗಿ ಅದಕ್ಕೆ ಮಡಚಿ ಬೀಗ ಹಾಕುವ ಉಂಗುರ. ಹದ್ದಿನ ಜಾತಿಗೆ ಅದೂ ಸಾಲದು, ರಿವೆಟ್ಟೇ ಹೊಡೆಯಬೇಕು.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ 'ಕಾಲುಂಗುರ' ಅಂದುಬಿಟ್ಟೆ. "ಹಕ್ಕಿಗೂ ಮದುವೆ ಮಾಡಿಸ್ತೀರೇನೋ?" ಅಂತ ನಕ್ಕಳು. ಮರುಕ್ಷಣವೇ, "ಆ ಪಾರಿವಾಳ ಪಾಪ ಅಲ್ವಾ?" ಅಂದಳು. ಗಿಡುಗವನ್ನು ಸೆಳೆಯಲು ಪಾರಿವಾಳ ಕಟ್ಟುತ್ತಾರಲ್ಲ, ಅದು. ಅದಕ್ಕೆ ಚರ್ಮದ ಅಂಗಿ ತೊಡಿಸಿರುತ್ತಾರೆ, ಉಗುರು ನಾಟದ ಹಾಗೆ. ಆದರೂ ಮೇಲಿಂದ ಗಿಡುಗ ಎರಗುವಾಗ ಅದರ ಎದೆ ಹೊಡೆದುಕೊಳ್ಳದೆ ಇರುತ್ತದಾ? ನನ್ನ ಹತ್ತಿರ ಇದಕ್ಕೆ ಚೆಂದದ ಉತ್ತರವಿಲ್ಲ. ನಾನು ಎಣಿಸುವ ತಂಡದಲ್ಲೇ ಉಳಿದುಕೊಂಡಿರುವುದಕ್ಕೆ ಅದೂ ಒಂದು ಕಾರಣ. ಆದರೆ ಹಿಡಿಯುವವರ ಕೆಲಸ ಬೇಡ ಅಂತಲೂ ಹೇಳಲಾರೆ.

ಯಾಕೆ ಅಂದರೆ, ಉಂಗುರ ಇಲ್ಲದಿದ್ದರೆ ಗಿಡುಗ ಬರೀ 'ಒಂದು ಗಿಡುಗ'. ಉಂಗುರ ಬಿದ್ದ ಮೇಲೆ ಅದು 'ಇದೇ ಗಿಡುಗ'. 1899ರಲ್ಲಿ ಡೆನ್ಮಾರ್ಕಿನ ವೀಬೋರ್ ಊರಿನ ಮೇಷ್ಟರು ಮಾರ್ಟೆನ್ಸನ್, 165 ಕಬ್ಬಕ್ಕಿ ಜಾತಿಯ ಹಕ್ಕಿಗಳಿಗೆ ನಂಬರು, ವಿಳಾಸ ಕೊರೆದ ಅಲ್ಯೂಮಿನಿಯಂ ಉಂಗುರ ತೊಡಿಸಿ ಇದಕ್ಕೆ ದಾರಿ ಹಾಕಿದರು. ಮೊದಲು ಸತುವಿನದ್ದು ಹಾಕಿ ನೋಡಿ, ಭಾರ ಅಂತ ಕೈಬಿಟ್ಟಿದ್ದರು. ಇಲ್ಲಿ 1977ರಲ್ಲಿ ಒಂದು ಬಾಲ್ಡ್ ಈಗಲ್ ಮರಿಗೆ ಉಂಗುರ ಹಾಕಿ ನ್ಯೂಯಾರ್ಕ್ ರಾಜ್ಯದಲ್ಲಿ ಬಿಟ್ಟರು. ಡಿಡಿಟಿ ವಿಷದಿಂದ ಅಲ್ಲಿ ಆ ಜಾತಿಯೇ ಮುಗಿಯುತ್ತ ಬಂದಿದ್ದ ಕಾಲ. ಅದೇ ಹಕ್ಕಿ 2015ರಲ್ಲಿ, 38 ವರ್ಷದ ಮುದುಕನಾಗಿ, ಅದೇ ರಾಜ್ಯದ ರಸ್ತೆಯಲ್ಲಿ ವಾಹನ ಬಡಿದು ಸತ್ತಿತು. ಉಂಗುರ ಇಲ್ಲದಿದ್ದರೆ ರಸ್ತೆ ಬದಿಯಲ್ಲಿ ಸತ್ತು ಬಿದ್ದ ಒಂದು ಹದ್ದು, ಅಷ್ಟೇ ಆಗುತ್ತಿತ್ತು.

ಪಕ್ಕದ ಬರ್ಕ್ಲಿಯಲ್ಲಿ ಗ್ರಿನೆಲ್ ಅಂತ ಒಬ್ಬನಿದ್ದ. ಪೆರೆಗ್ರಿನ್ ಫಾಲ್ಕನ್, ನಮ್ಮ ಚಾಣದ ದೊಡ್ಡಣ್ಣ. ವಿಶ್ವವಿದ್ಯಾಲಯದ ಗಂಟೆ ಗೋಪುರದ ಮೇಲೆ ಆನಿ ಎಂಬ ಹೆಣ್ಣಿನ ಜತೆ ಅವನ ಸಂಸಾರ. ಗೂಡಿಗೆ ಕ್ಯಾಮೆರಾ ಇಟ್ಟಿದ್ದರಿಂದ ಊರಿಗೂರೇ ಅವರ ಮನೆವಾರ್ತೆ ನೋಡುತ್ತಿತ್ತು, ನನ್ನ ಆಫೀಸಿನ ಅರ್ಧ ಜನ ಮೀಟಿಂಗಿನ ಮಧ್ಯೆಯೂ ಇದನ್ನೇ ನೋಡುತ್ತಿದ್ದರು. 2022ರ ಮಾರ್ಚ್ 31ರಂದು ಪೇಟೆ ಬೀದಿಯಲ್ಲಿ ಒಂದು ಫಾಲ್ಕನ್ ಸತ್ತು ಬಿದ್ದಿತ್ತು. ಕಾಲಿನ ಉಂಗುರ ನೋಡಿ, ಇವನೇ ಅಂತ ಗುರುತಿಸಿದರು. ಗೂಡಿನಲ್ಲಿ ಮೊಟ್ಟೆಗಳಿದ್ದವು. ಕೆಲವೇ ಗಂಟೆಗಳಲ್ಲಿ ಬೇರೊಂದು ಗಂಡು ಬಂದು ಆನಿಯ ಜತೆ ಸೇರಿಕೊಂಡಿತು. ಜನ ಅತ್ತರು. ಹಕ್ಕಿಗಳಿಗೆ ಅಷ್ಟು ಪುರಸೊತ್ತು ಇರಲಿಲ್ಲ.

ಉಂಗುರದ ಕತೆ ನಿನ್ನ ಊರಿಗೂ ಬರುತ್ತದೆ, ಅದನ್ನು ಹೇಳದಿದ್ದರೆ ಈ ಪತ್ರ ಬರೆದೇನು ಪ್ರಯೋಜನ? 1957ರಲ್ಲಿ ನಿನ್ನ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನಕ್ಕೂ ಜ್ವರ ಹತ್ತಿತು. ಮಂಗನ ಕಾಯಿಲೆ. ಅದರ ವೈರಸ್ಸು ರಷ್ಯಾದ ಕಡೆಯ ಉಣುಗಿನ ಜ್ವರದ ವೈರಸ್ಸಿಗೆ ಹತ್ತಿರದ್ದು ಅಂತ ಗೊತ್ತಾದಾಗ ವಿಜ್ಞಾನಿಗಳಿಗೆ ಒಂದು ಅನುಮಾನ ಬಂತು: ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳೇ ಉಣುಗು ಹೊತ್ತು ತಂದಿರಬಹುದಾ? ಅದನ್ನು ನೋಡಬೇಕಾದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು. ಸಲೀಂ ಅಲಿಯವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ದೊಡ್ಡ ಮಟ್ಟದಲ್ಲಿ ಉಂಗುರ ಹಾಕಲು ಶುರು ಮಾಡಿತು. ಆ ವೈರಸ್ಸು ನಮ್ಮ ಕಾಡಿನ ಉಣುಗು, ಇಲಿ, ಮಂಗಗಳ ನಡುವೆಯೇ ಸುತ್ತುತ್ತಿರುತ್ತದೆ ಅಂತ ಈಗ ನಮಗೆ ಗೊತ್ತು. ಆದರೆ ಆ ನೆಪದಲ್ಲಿ ದೇಶದ ಹಕ್ಕಿಗಳ ಓಡಾಟದ ಲೆಕ್ಕ ಸಿಕ್ಕಿತು. ಕ್ಯಾಸನೂರಿನ ಮಂಗ ಸತ್ತಿದ್ದಕ್ಕೆ ಎಲ್ಲೆಲ್ಲಿನ ಹಕ್ಕಿಗಳ ಕಾಲಿಗೋ ಉಂಗುರ ಬಿತ್ತು ನೋಡು.

ಉಂಗುರ ನೋಡಿ ಹೆದರುವವರೂ ಇದ್ದಾರೆ. ಟೆಲ್ ಅವೀವ್ ವಿಶ್ವವಿದ್ಯಾಲಯದ ಗುರುತಿದ್ದ ರಣಹದ್ದೊಂದು 2011ರಲ್ಲಿ ಸೌದಿಯಲ್ಲಿ ಗೂಢಚಾರಿ ಅಂತ ಸಿಕ್ಕಿಬಿತ್ತು. 2013ರಲ್ಲಿ ಟರ್ಕಿಯ ಹಳ್ಳಿಯೊಂದರಲ್ಲಿ ಇಸ್ರೇಲಿನ ಉಂಗುರವಿದ್ದ ಚಾಣವನ್ನು ಹಿಡಿದು, ಒಳಗೆ ಯಂತ್ರ ಇದೆಯಾ ಅಂತ ಎಕ್ಸ್‌ರೇ ತೆಗೆದು, ಇಲ್ಲ ಅಂತ ಖಾತ್ರಿಯಾದ ಮೇಲೆ ಬಿಟ್ಟರು. ನಗಬೇಡ, ನಮ್ಮ ಕಾರವಾರದಲ್ಲೂ ಬೆನ್ನಿಗೆ ಟ್ರ್ಯಾಕರ್ ಕಟ್ಟಿದ ಹಕ್ಕಿ ನೋಡಿ ಜನ ಗಾಬರಿಯಾಗಿದ್ದರು. ಇಲ್ಲಿನವರು ಹೇಳುವ ಹಳೇ ಜೋಕು ಬೇರೆ. ಉಂಗುರದ ಮೇಲೆ ವಾಷಿಂಗ್ಟನ್ನಿನ ಬಯಾಲಜಿಕಲ್ ಸರ್ವೆ ಎಂಬುದನ್ನು 'ವಾಶ್ ಬಯೋಲ್ ಸರ್ವ್' ಅಂತ ಚುಟುಕಾಗಿ ಬರೆದಿತ್ತಂತೆ. ಕಾಗೆ ಹೊಡೆದ ರೈತ ಅದನ್ನು ಅಡುಗೆಯ ವಿಧಾನ ಅಂದುಕೊಂಡು ತೊಳೆದ, ಬೇಯಿಸಿದ, ಬಡಿಸಿದ. ಆಮೇಲೆ "ನೀವು ಹೇಳಿದ ಹಾಗೇ ಮಾಡಿದೆ, ರುಚಿ ಗಬ್ಬು" ಅಂತ ಸರ್ಕಾರಕ್ಕೆ ಪತ್ರ ಬರೆದ.

ಈಗ ನನ್ನ ಪೆದ್ದುತನಕ್ಕೆ ಬರುತ್ತೇನೆ. ಲೋಹದ ಉಂಗುರದ ತೊಂದರೆ ಏನೆಂದರೆ, ಅಕ್ಷರ ಬಹಳ ಸಣ್ಣದು. ಇಲ್ಲಿನದ್ದರಲ್ಲಿ ಎಂಟು ಒಂಬತ್ತು ಅಂಕಿ, ಕಾಲಿನ ಸುತ್ತ. ಹಿಂದೆಲ್ಲ ಹಕ್ಕಿ ಸತ್ತರೆ ಮಾತ್ರ, ಇಲ್ಲ ಮತ್ತೆ ಬಲೆಗೆ ಬಿದ್ದರೆ ಮಾತ್ರ ಓದಲು ಸಾಧ್ಯವಿತ್ತು. ಅದಕ್ಕೇ ದೊಡ್ಡಕ್ಷರದ ಬಣ್ಣದ ಉಂಗುರ ಬಂತು, ದೂರದಿಂದಲೇ ಓದಬಹುದು. ಇಲ್ಲಿನ ದೊಡ್ಡ ರಣಹದ್ದು ಕ್ಯಾಲಿಫೋರ್ನಿಯಾ ಕಾಂಡೋರ್‌ಗೆ ಮಾತ್ರ ಕಾಲಿಗಲ್ಲ, ರೆಕ್ಕೆಗೆ ನಂಬರ್ ಚೀಟಿ. ಅದು ಸೆಕೆಯಾದರೆ ತನ್ನ ಕಾಲ ಮೇಲೆ ತಾನೇ ತೆಳು ಹಿಕ್ಕೆ ಹಾಕಿಕೊಂಡು ತಂಪಾಗುತ್ತದೆ. ಉಂಗುರ ಹಾಕಿದರೆ ಹೊಲಸು ಕಟ್ಟಿ ಕಾಲೇ ಹೋಗುತ್ತದೆ. ಆದರೆ ಈಗಿನ ಕ್ಯಾಮೆರಾ ಬಂದ ಮೇಲೆ ಲೋಹದ ಸಣ್ಣಕ್ಷರವನ್ನೂ ಓದಬಹುದಾಗಿದೆ. ಒಂದು ಫೋಟೋದಲ್ಲಿ ಎರಡು ಅಂಕಿ, ಹಕ್ಕಿ ತಿರುಗಿ ಕೂತಾಗ ಇನ್ನೆರಡು, ಉಂಗುರ ಉರುಳಿದಾಗ ಮತ್ತೊಂದು. ಹರಿದ ಚೀಟಿ ಜೋಡಿಸಿದ ಹಾಗೆ ಜೋಡಿಸಬೇಕು.

ಎರಡು ವರ್ಷದ ಹಿಂದೆ ಸ್ಯಾನ್ ಹೋಸೆಯ ಹೊರಗೆ ಬೇಲಿ ಕಂಬದ ಮೇಲೆ ಕೆಂಪು ಬಾಲದ ಗಿಡುಗವೊಂದು ಅರ್ಧ ಗಂಟೆ ಕೂತಿತ್ತು. ನಾನೂರು ಫೋಟೋ ತೆಗೆದೆ. ರಾತ್ರಿ ಕೂತು, ಕಣ್ಣು ಸ್ವಲ್ಪ ಮಸುಕಾಗಿದ್ದನ್ನೆಲ್ಲ ಅಳಿಸಿದೆ. ಉಳಿಸಿಕೊಂಡಿದ್ದು ಆರು. ಅವನ್ನೂ ಎದೆಯವರೆಗೆ ಕತ್ತರಿಸಿ, ಒಳ್ಳೇ ಮದುಮಗನ ಫೋಟೋ ಥರ ಮಾಡಿದೆ. ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಮರುವಾರ ಗುಡ್ಡದ ಮೇಲೆ ಹೆಮ್ಮೆಯಿಂದ ತೋರಿಸಿದರೆ, ಮೂವತ್ತು ವರ್ಷದಿಂದ ಉಂಗುರ ಹಾಕುತ್ತಿರುವ ಅಜ್ಜಿಯೊಬ್ಬರು ಕನ್ನಡಕ ಏರಿಸಿ ನೋಡಿ, ಕೇಳಿದ್ದು ಒಂದೇ ಮಾತು: "ಕಾಲೆಲ್ಲಿ?" ಒಂದು ಫೋಟೋದ ಕೆಳ ಅಂಚಿನಲ್ಲಿ ಬೆಳ್ಳಿಯ ಬಣ್ಣದ ಗೀರು ಉಳಿದಿತ್ತು. ಉಂಗುರ ಇತ್ತು. ನಂಬರ್ ನಾನು ಅಳಿಸಿದ್ದರಲ್ಲಿ ಇತ್ತು. ಅವರು ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಆ ಗಿಡುಗಕ್ಕೆ ಯಾರು, ಯಾವ ವರ್ಷ ಉಂಗುರ ಹಾಕಿದ್ದರೋ, ಅವರಿಗೆ ಬರಬೇಕಿದ್ದ ಒಂದು ಸುದ್ದಿಯನ್ನು ನಾನು ಕಣ್ಣಿನ ಹೊಳಪಿಗಾಗಿ ಕಸದ ಬುಟ್ಟಿಗೆ ಹಾಕಿದ್ದೆ.

ಅದಕ್ಕೇ ಕೇಳುತ್ತಿದ್ದೇನೆ. ನೀನು ಕಳಿಸಿದ್ದು ಒಂದು, ಅದೂ ಕತ್ತರಿಸಿದ್ದು. ವಾಟ್ಸಾಪ್ ಬೇರೆ ಅದನ್ನು ಹಿಂಡಿ ಹಿಪ್ಪೆ ಮಾಡಿದೆ. ಆ ಬೆಳಿಗ್ಗೆ ನೀನು ಬಟನ್ ಒತ್ತಿ ಹಿಡಿದಿದ್ದರೆ ಕಮ್ಮಿಯೆಂದರೂ ಐವತ್ತು ಫೋಟೋ ಇರಬೇಕು. ಎಲ್ಲವೂ ಬೇಕು. ಕಣ್ಣು ಮಸುಕಾದದ್ದು, ರೆಕ್ಕೆ ಕತ್ತರಿಸಿ ಹೋದದ್ದು, ಬರೀ ಮೀನು ಮತ್ತು ಕಾಲು ಬಂದದ್ದು, ಅದಂತೂ ಮೊದಲು. ಆಸ್ಪ್ರೇ ಮೀನನ್ನು ಕಾಲಲ್ಲಿ ಉದ್ದಕ್ಕೆ ಹಿಡಿದು ಹಾರುತ್ತದಲ್ಲ, ಆಗಲೇ ಉಂಗುರ ಚೆನ್ನಾಗಿ ಕಾಣುವುದು. ಉಂಗುರ ಎಡಗಾಲಲ್ಲೋ ಬಲಗಾಲಲ್ಲೋ, ಬರೀ ಲೋಹವೋ ಬಣ್ಣವೂ ಇದೆಯೋ, ಅಕ್ಷರ ಮೇಲಿಂದ ಕೆಳಗೆ ಇದೆಯೋ ಕೆಳಗಿಂದ ಮೇಲಕ್ಕೋ, ಎಲ್ಲ ಲೆಕ್ಕಕ್ಕೆ ಬರುತ್ತದೆ. ತಾರೀಕು, ಹೊತ್ತು, ಕೆರೆಯ ಹೆಸರು ಬರೆದು ಕಳಿಸು. 'ಇನ್ಫಾರ್ಮ್ ಬಾಂಬೆ' ಅಂತ ಅಕ್ಷರ ಕಂಡರೆ ನಮ್ಮ ಮುಂಬೈಯ ಆ ಸೊಸೈಟಿಯವರದ್ದೇ, ನೇರ ಅವರಿಗೇ ಬರೆ. ಬೇರೆ ಊರಿನದ್ದಾದರೂ ಅವರು ದಾರಿ ತೋರಿಸುತ್ತಾರೆ. ಮತ್ತೆ ಹತ್ತಿರದ ಫೋಟೋ ಬೇಕು ಅಂತ ಮೀನು ಎಸೆದು ಕರೆಯುವುದು, ಕೂತ ಮರದಿಂದ ಎಬ್ಬಿಸುವುದು ಮಾಡಬೇಡ. ಬರುವುದಾದರೆ ಅದಾಗೇ ಬರುತ್ತದೆ, ಕೆರೆಯಲ್ಲಿ ಮೀನು ಇರುವ ತನಕ.

ನಿನ್ನ ಫೋಟೋವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ನನಗೆ ಕಂಡದ್ದು ಒಂದೇ ಗುರುತು. 7 ಇರಬಹುದು, 1 ಇರಬಹುದು, ಮೀನಿನ ರೆಕ್ಕೆಯ ನೆರಳೂ ಇರಬಹುದು. ನಿನ್ನೆ ರಾತ್ರಿ ಒಂದು ಗಂಟೆವರೆಗೆ ಅದನ್ನೇ ನೋಡುತ್ತ ಕೂತಿದ್ದೆ. ಮನೆಯವಳು ಎದ್ದು ಬಂದು, "ಯಾರ ಕಾಲು ಅದು?" ಅಂತ ಕೇಳಿ ಹೋದಳು.

ಇವತ್ತೇ ಕಳಿಸು. ಕಾರ್ಡ್ ಮಾತ್ರ ಫಾರ್ಮ್ಯಾಟ್ ಮಾಡಬೇಡ ಮಾರಾಯಾ.

ಇಂತಿ,
ನಿನ್ನ ಹಳೇ ಬೆಂಚಿನ ಗೆಳೆಯ

ಮರೆತಿದ್ದೆ: ಅಪ್ಪಯ್ಯನ ಮಂಡಿನೋವು ಹೇಗಿದೆ? ಅದನ್ನೂ ಬರೆ.